ತೊಳೆದು ಕಟ್ಟಿದ ಮಲ್ಲಿಗೆ

ಅಲಂಕಾರಗಳನ್ನು ನಾನು ಕಲಿತದ್ದು ಸಿಟ್ಟಿನಿಂದ. ಉಪಮೆ, ರೂಪಕಗಳ ಮೇಲೆ ನನಗೆ ತಕರಾರಿರಲಿಲ್ಲ. ತಕರಾರು ಶುರುವಾದದ್ದು ಹೊಸಪೇಟೆಯ ಕಾಲೇಜಿನಲ್ಲಿ, ಬಿ.ಎ. ಎರಡನೇ ವರ್ಷದ ಕಿರುಪರೀಕ್ಷೆಯಲ್ಲಿ. ಇದ್ದುದನ್ನು ಇದ್ದ ಹಾಗೆ ಸೊಗಸಾಗಿ ಹೇಳಿದರೆ ಸ್ವಭಾವೋಕ್ತಿ, ಲೋಕದ ಮಿತಿ ಮೀರಿ ಹಿಗ್ಗಿಸಿ ಹೇಳಿದರೆ ಅತಿಶಯೋಕ್ತಿ ಎಂದು ಮೇಡಂ ಪಾಠ ಮಾಡಿದ್ದರು. ಸ್ವಭಾವೋಕ್ತಿಗೆ ಸ್ವಂತ ಉದಾಹರಣೆ ಕೊಡಿ ಎಂಬ ಪ್ರಶ್ನೆಗೆ ನಾನು ಬರೆದೆ: ‘ಅವ್ವ ಮಲ್ಲಿಗೆ ಮೊಗ್ಗನ್ನು ತೊಳೆದು ಕಟ್ಟುತ್ತಾಳೆ. ಬೋಗುಣಿಯ ನೀರು ಕೆಂಪಾಗುತ್ತದೆ.’

ಉತ್ತರಪತ್ರಿಕೆ ವಾಪಸು ಬಂದಾಗ ಅದರ ಪಕ್ಕದಲ್ಲಿ ಸೊನ್ನೆ, ಕೆಳಗೆ ಒಂದೇ ಪದ: ಅತಿಶಯೋಕ್ತಿ.

ನಮ್ಮ ಮನೆ ಸಂಡೂರಿನ ರಸ್ತೆಗೆ ಅಂಟಿಕೊಂಡಿದೆ. ಬೆಳಗಾದರೆ ಕಬ್ಬಿಣದ ಅದಿರಿನ ಲಾರಿಗಳ ಸಾಲು. ಅಂಗಳದ ಮಲ್ಲಿಗೆ ಬಳ್ಳಿಯ ಮೇಲೆ ಕೂರುವ ಕೆಂಪು ಧೂಳು ಯಾವ ಪಂಡಿತರ ಅಪ್ಪಣೆಗೂ ಕಾಯುವುದಿಲ್ಲ. ನಮ್ಮ ಓಣಿಯ ಹೆಂಗಸರೆಲ್ಲ ಹೂವನ್ನು ಅಕ್ಕಿಯ ಹಾಗೆ ಮೂರು ನೀರಲ್ಲಿ ತೊಳೆದು, ಬಟ್ಟೆಯ ಮೇಲೆ ಆರಹಾಕಿ, ಆಮೇಲೆ ದಾರ ಹಿಡಿಯುತ್ತಾರೆ.

ಕ್ಲಾಸಿನಲ್ಲೇ ಎದ್ದು ನಿಂತು, “ಮೇಡಂ, ಇದು ಖರೇನ ರೀ,” ಎಂದೆ.

“ಮಲ್ಲಿಗೆ ಅಂದರೆ ಬಿಳುಪು. ಕವಿಗಳೆಲ್ಲ ಒಪ್ಪಿಕೊಂಡು ಬಂದ ರೂಢಿ ಅದು, ಕವಿಸಮಯ. ಹೂವನ್ನು ಯಾರಮ್ಮ ತೊಳೀತಾರೆ?”

ಮೇಡಂ ಮೈಸೂರು ಕಡೆಯವರು, ಬಂದು ಮೂರು ತಿಂಗಳಾಗಿತ್ತು. ಕ್ಲಾಸು ಗೊಳ್ಳೆಂದಿತು. ಎರಡು ಅಂಕ ಹೋದರೆ ಹೋಗಲಿ. ಅವ್ವ ದಿನಾ ಮಾಡುವ ಕೆಲಸವನ್ನು ನಾನು ಹುಟ್ಟಿಸಿ ಹೇಳಿದೆ ಎಂದಾಯಿತಲ್ಲ, ಅದನ್ನು ತಡೆದುಕೊಳ್ಳಲಾಗಲಿಲ್ಲ. ಆ ಪದ ಅಲ್ಲಿಂದ ಹೋಗಲೇಬೇಕು ಅಂದುಕೊಂಡೆ.

ಮರುದಿನ ಅವ್ವ ಏಳುವ ಮೊದಲೇ ಮೊಗ್ಗು ಬಿಡಿಸಿ, ತೊಳೆಯದೆ ಒಂದು ಮೊಳ ಕಟ್ಟಿದೆ. ಮೇಲೆ ಕಂಡ ಧೂಳನ್ನು ಊದಿದೆ. ತೊಟ್ಟಿನ ಸಂದಿಯಲ್ಲಿದ್ದದ್ದು ಹಾಗೇ ಉಳಿಯಿತು. ಹೂವು ಕೊಟ್ಟರೆ ಬೇಡ ಅನ್ನಲು ಮೇಡಂಗೂ ಮನಸ್ಸಾಗಲಿಲ್ಲ, ಮುಡಿದುಕೊಂಡರು. ಬಿಸಿಲಿಗೆ ಬೆವರಿಳಿದು, ಕೊನೆಯ ಪೀರಿಯಡ್ ಹೊತ್ತಿಗೆ ಅವರ ಬಿಳಿ ರವಿಕೆಯ ಕುತ್ತಿಗೆಯ ಅಂಚು ಕೆಂಪಾಗಿತ್ತು. ಅವರು ಬೋರ್ಡಿನ ಕಡೆ ತಿರುಗಿದಾಗಲೆಲ್ಲ ಇಡೀ ಕ್ಲಾಸು ನೋಡಿತು. ಈ ಸಲ ಯಾರೂ ನಗಲಿಲ್ಲ. ನನಗೆ ಮಾತ್ರ ಒಳಗೊಳಗೇ ಹಬ್ಬ.

ಮನೆಗೆ ಬಂದು ನಗುತ್ತಲೇ ಅವ್ವನಿಗೆ ಹೇಳಿದೆ. ಅವ್ವ ನಗಲಿಲ್ಲ.

“ತೊಳೀಲಾರದ ಹೂವು ಒಬ್ಬರ ತಲಿಗೆ ಕೊಟ್ಟೀಯೇನಲೇ? ಈ ಮಂದಿ ಹಿಂಗ ಹೊಲಸು ಹೂವ ಮುಡೀತಾರ ಅಂದ್ಕೊಳ್ಳೂದಿಲ್ಲೇನು?”

“ಅಕಿ ನಿನ್ನ ಕೆಲಸಾನ ಸುಳ್ಳು ಅಂದ್ಲವ್ವ.”

“ಅನ್ಲಿ. ಅಕಿಗೆ ಗೊತ್ತಿಲ್ಲ, ಅಂದ್ಲು. ನೀ ಗೊತ್ತಿದ್ದೂ ನನ್ನ ಮರ್ಯಾದಿ ತಗದಿ.”

ನಾಚಿಕೆಯಾಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ. ಮಾರನೆಯ ಬೆಳಿಗ್ಗೆ ಅವ್ವನೇ ಮೂರು ನೀರಲ್ಲಿ ತೊಳೆದು ಎರಡು ಮೊಳ ಕಟ್ಟಿಕೊಟ್ಟಳು. ಅದನ್ನೂ ಉತ್ತರಪತ್ರಿಕೆಯನ್ನೂ ಒಯ್ದು ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟೆ.

“ನಿನ್ನೆ ಕೊಟ್ಟಿದ್ದು ತೊಳದಿರಲಿಲ್ರಿ. ಬೇಕಂತನ ಹಂಗ ತಂದಿದ್ದೆ, ತಪ್ಪಾತು. ಇದು ನಮ್ಮವ್ವ ತೊಳದು ಕಟ್ಟಿದ್ದು. ಆದ್ರ ನಾ ಬರದಿದ್ದು ತಪ್ಪಲ್ರಿ.”

ಮೇಡಂ ದಂಡೆಯನ್ನು ತಿರುವಿ ತಿರುವಿ ನೋಡಿದರು, ತೊಟ್ಟಿನ ಸಂದಿಯನ್ನೂ ಬಿಡಲಿಲ್ಲ. ಅದನ್ನು ಮುಡಿದುಕೊಂಡು, ಪೆನ್ನು ತೆಗೆದು, ಸೊನ್ನೆಯನ್ನು ಹೊಡೆದು ಹಾಕಿ ಎರಡು ಅಂಕ ಕೊಟ್ಟರು.

“ಅಂಕ ಇರ್ಲಿ ಬಿಡ್ರಿ ಮೇಡಂ. ಆ ಪದ ಹೊಡದು ಹಾಕ್ರಿ.”

ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಲಿಲ್ಲ. ಅವರು ಮತ್ತೆ ಪೆನ್ನು ಹಿಡಿದು ಅತಿಶಯೋಕ್ತಿ ಎಂಬುದರ ಮೇಲೆ ಉದ್ದಕ್ಕೆ ಗೆರೆ ಎಳೆದರು.

ಸಂಜೆ ಪತ್ರಿಕೆಯನ್ನು ಅವ್ವನ ಮುಂದೆ ಹಿಡಿದೆ. ಓದಲು ಬಾರದ ಅವ್ವ ಅದರ ಕಡೆ ಕಣ್ಣೂ ಹಾಯಿಸಲಿಲ್ಲ.

“ಹೂವ ನೋಡಿದ್ರೇನು?”

“ತಿರುವಿ ತಿರುವಿ ನೋಡಿದ್ರು. ಒಂಚೂರೂ ಕೆಂಪು ಸಿಗಲಿಲ್ಲ. ಮುಡ್ಕೊಂಡ್ರು.”

“ಹಂಗಾರ ಸರಿ,” ಎಂದ ಅವ್ವ, ಬೆಳಗಿನಿಂದ ಹಾಗೇ ಇಟ್ಟಿದ್ದ ಬೋಗುಣಿಯನ್ನು ಎತ್ತಿಕೊಂಡು ಹೋಗಿ, ಆ ಕೆಂಪು ನೀರನ್ನು ಲಾರಿಗಳು ಓಡಾಡುವ ರಸ್ತೆಗೇ ಚೆಲ್ಲಿದಳು.