ಸೋತ ಅಧ್ಯಕ್ಷರ ನಲವತ್ತು ದಿನ

ಎತ್ತರ ಐದೂಕಾಲು ಅಡಿ. ತೂಕ ಐವತ್ತೆರಡು ಕಿಲೋ. ಜೇಬಿನಲ್ಲಿರುವ ಸ್ಕ್ರೂಡ್ರೈವರುಗಳ ಲೆಕ್ಕಕ್ಕೆ ಅರ್ಧ ಕಿಲೋ ಕಳೆಯಿರಿ. ಬಣ್ಣ ಮಾಸಿದೆ, ಹೊಲಿಗೆ ಗಟ್ಟಿಯಿದೆ. ಮಾತಿನ ಸರಕು ಕಡಿಮೆ. ಬುದ್ಧಿಯಿರುವ ಯಾವ ವ್ಯಾಪಾರಿಯೂ ಇಂಥದ್ದನ್ನು ಶೋಕೇಸಿನಲ್ಲಿ ಇಡುವುದಿಲ್ಲ. ಆದರೂ ನಮ್ಮ ಮಾರುಕಟ್ಟೆಯವರು ಈ ತಕ್ಕಡಿ ರಿಪೇರಿಯವರನ್ನು ಮೂರು ವರ್ಷ ವರ್ತಕರ ಸಂಘದ ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸಿದ್ದರು. ಎಲ್ಲರ ತಕ್ಕಡಿಯ ಗುಟ್ಟು ಗೊತ್ತಿದ್ದೂ ಯಾರದ್ದನ್ನೂ ಬಾಯಿಬಿಡದ ಮನುಷ್ಯ ಅವರೊಬ್ಬರೇ.

ಅವರು ಚುನಾವಣೆಗೆ ನಿಂತದ್ದು ಒಂದು ಗೇಟಿನ ಸಲುವಾಗಿ. ಮಾರುಕಟ್ಟೆಯ ಹಿಂದಿನ ಗೇಟಿಗೆ ಬೀಗ ಬಿದ್ದು ಹದಿನಾಲ್ಕು ವರ್ಷವಾಗಿತ್ತು. ಮುಂದಿನ ಸಾಲಿನ ದೊಡ್ಡ ಅಂಗಡಿಯವರು ಖಾಲಿ ಪೆಟ್ಟಿಗೆಗಳನ್ನು ಅದಕ್ಕೆ ಒರಗಿಸಿ ಮೇಲಿನವರೆಗೂ ಪೇರಿಸಿದ್ದರು. ಗಿರಾಕಿಗಳೆಲ್ಲ ತಮ್ಮ ಮುಂದೆಯೇ ಹಾದುಹೋಗಲಿ ಎಂಬ ಲೆಕ್ಕಾಚಾರ ಬೇರೆ. ಹಿಂದಿನ ಸಾಲಿನಲ್ಲಿ ಹಗಲು ಹನ್ನೆರಡಕ್ಕೂ ಬಲ್ಬು ಉರಿಯಬೇಕು. ಅಲ್ಲಿ ಅವರ ಹೆಂಡತಿಯ ಬಟನ್ ಅಂಗಡಿಯಿತ್ತು. ಯಾರಾದರೂ ಅಂಗಿ ತಂದರೆ ಆಕೆ ಬಟನ್ ಹಿಡಿದುಕೊಂಡು ಬಣ್ಣ ಹೊಂದಿಸಲು ಮುಂದಿನ ಗೇಟಿನವರೆಗೆ ನಡೆಯುತ್ತಿದ್ದರು.

"ಬಿಳಿಯಲ್ಲೇ ಹದಿನಾರು ಥರ ಇದೆ ಕಣ್ರೀ," ಎನ್ನುತ್ತಿದ್ದರು ಗಂಡನಿಗೆ. "ಈ ಬಲ್ಬಿನಡಿ ಎಲ್ಲಾ ಹಳದಿ. ಆ ಗೇಟು ತೆಗೆಸಿಬಿಡಿ, ನಂಗೆ ಇನ್ನೇನೂ ಬೇಡ."

"ಮುಂದಿನ ತಿಂಗಳು."

ಓಟುಗಳು ಇದ್ದದ್ದು ಮುಂದಿನ ಸಾಲಿನಲ್ಲಿ. ಹಾಗಾಗಿ ಮುಂದಿನ ತಿಂಗಳು ಮುಂದಕ್ಕೇ ಹೋಗುತ್ತಿತ್ತು. ಎರಡನೇ ವರ್ಷ ಆಕೆ ಹಾಸಿಗೆ ಹಿಡಿದರು, ನಾಲ್ಕು ತಿಂಗಳಲ್ಲಿ ಹೋಗಿಬಿಟ್ಟರು. ಅವರ ಸ್ಟೂಲಿನ ಮೇಲೆ ಮಗಳು ಬಂದು ಕೂತಳು. ಗೇಟು ತೆಗೆಸದೆ ಕಾಪಾಡಿಕೊಂಡ ಓಟುಗಳು ಮೂರನೇ ವರ್ಷ ಸದ್ದಿಲ್ಲದೆ ಬಟ್ಟೆ ಅಂಗಡಿಯ ಯಜಮಾನರ ಪಾಲಾದವು.

ಸಂಘದ ನಿಯಮದಂತೆ ಹೊಸಬರು ಕುರ್ಚಿ ಹಿಡಿಯುವುದು ಗೆದ್ದು ನಲವತ್ತು ದಿನವಾದ ಮೇಲೆ. ಅಲ್ಲಿಯತನಕ ಸಹಿ, ಮೊಹರು, ಕೀಲಿಗೊಂಚಲು ಎಲ್ಲವೂ ಹಳಬರದ್ದೇ. ಆದರೆ ನಿಯಮಕ್ಕಿಂತ ರೂಢಿ ದೊಡ್ಡದು. ಸೋತವರ ಮುಂದೆ ಯಾರೂ ಕಾಗದ ಇಡುವುದಿಲ್ಲ. ಗುಮಾಸ್ತ ಎಲ್ಲವನ್ನೂ ಕಟ್ಟು ಕಟ್ಟಿ ಹೊಸಬರಿಗೆಂದು ಕಪಾಟಿನಲ್ಲಿ ಇಟ್ಟುಬಿಡುತ್ತಾನೆ. ಸೋಮವಾರದವರೆಗೆ "ಅಧ್ಯಕ್ಷರೇ" ಎಂದವರು ಮಂಗಳವಾರ "ಏನ್ರೀ" ಎಂದರು. ಬುಧವಾರ ಬೇರೆ ಕಡೆ ನೋಡಿಕೊಂಡು ಹೋದರು.

ತಪ್ಪದೆ ಬರುತ್ತಿದ್ದವರು ಪುಸ್ತಕಕ್ಕೆ ರಟ್ಟು ಹಾಕುವ ಬೈಂಡರ್ ಒಬ್ಬರೇ, ಅದೂ ಕಂಕುಳಲ್ಲಿ ಪತ್ರಿಕೆ ಇಟ್ಟುಕೊಂಡು.

"ನಿಮ್ಮಂಥೋರಿಗೆ ಪೇಪರಲ್ಲಿ ಒಂದು ಹೆಸರಿಟ್ಟಿದಾರೆ ಕಣ್ರೀ. ಲೇಮ್ ಡಕ್ ಅಂತ. ಕುಂಟು ಬಾತುಕೋಳಿ."

"ನಾನು ಸರಿಯಾಗೇ ನಡೀತೀನಲ್ಲ."

"ನಡೀತೀರಿ, ಯಾರೂ ಹಿಂದೆ ಬರಲ್ಲ ಅಷ್ಟೇ. ಕುರ್ಚೀಲಿ ಕೂತಿದ್ರೂ ಎದ್ದು ಹೋಗೋ ದಿನ ಗೊತ್ತಾಗಿರೋರಿಗೆ ಹಾಗಂತಾರೆ. ಮೊದಲು ಇದು ರಾಜಕೀಯದ ಮಾತೇ ಅಲ್ಲ, ನಮ್ಮಂಥ ಪೇಟೆಯೋರದ್ದು. ಇನ್ನೂರೈವತ್ತು ವರ್ಷದ ಹಿಂದೆ, ಎಲ್ಲೋ ದೂರದ ಊರಲ್ಲಿ, ಷೇರು ವ್ಯಾಪಾರದ ಬೀದಿ ಇತ್ತಂತೆ. ಕೊಟ್ಟ ಮಾತು ಉಳಿಸಿಕೊಳ್ಳಕ್ಕಾಗದೆ ಮುಳುಗಿದೋನು ತಲೆ ತಗ್ಗಿಸಿ, ಆ ಕಡೆ ಈ ಕಡೆ ಓಲಾಡ್ತಾ ಆಚೆ ಹೋಗ್ತಿದ್ನಂತೆ. ಮಿಕ್ಕೋರು ನಿಂತು, ನೋಡು ಕುಂಟು ಬಾತು ಹೋಯ್ತು ಅಂತಿದ್ರಂತೆ. ಆಮೇಲೆ ರಾಜಕಾರಣಿಗಳು ಎತ್ತಿಕೊಂಡ್ರು."

ಕೊಟ್ಟ ಮಾತು ಎಂಬಲ್ಲಿಗೆ ತಕ್ಕಡಿಯವರ ಕೈ ನಿಂತುಹೋಗಿತ್ತು. ಎದುರಿನ ತಕ್ಕಡಿಯ ಮುಳ್ಳು ಆಡುತ್ತಲೇ ಇತ್ತು.

"ಆ ಬಾತು ಯಾವ ಬಾಗಿಲಿಂದ ಹೋಯ್ತಂತೆ? ಮುಂದಿನದಾ, ಹಿಂದಿನದಾ?"

"ಅದನ್ನ ಪೇಪರಲ್ಲಿ ಬರೆದಿಲ್ಲ," ಎಂದರು ಬೈಂಡರ್.

ಮಾರನೆಯ ದಿನ ಸೂಚನಾ ಫಲಕದ ಮೇಲೆ ಒಂದು ಕಾಗದ ಕಾಣಿಸಿತು: ಹಿಂದಿನ ಗೇಟು ತೆರೆಯಲಾಗುವುದು, ಆಕ್ಷೇಪವಿದ್ದವರು ಹದಿನೈದು ದಿನದೊಳಗೆ ಅಧ್ಯಕ್ಷರಿಗೆ ಬರೆದುಕೊಡತಕ್ಕದ್ದು. ಓದಿದವರು ನಕ್ಕರು. ಆದರೆ ಮುಂದಿನ ಸಾಲಿನವರೇನು ದಡ್ಡರಲ್ಲ. ಹನ್ನೊಂದು ಜನ ಸಹಿ ಹಾಕಿ ಗುಮಾಸ್ತನ ಕೈಗೆ ಆಕ್ಷೇಪ ಕೊಟ್ಟೇಬಿಟ್ಟರು.

ಕಾಗದ ಹಚ್ಚಿದ ಹದಿನಾರನೇ ದಿನ ತಕ್ಕಡಿಯವರು ಸಂಘದ ಕಚೇರಿಗೆ ಹೋದರು.

"ಆಕ್ಷೇಪ ಬಂತೇನಯ್ಯಾ?"

"ಒಂದು ಬಂದಿದೆ ಸಾರ್. ಆದ್ರೆ ಅದು ನಿಮಗಲ್ಲ. ಮೇಲೇ ಬರೆದಿದಾರೆ ನೋಡಿ, ಮಾನ್ಯ ನೂತನ ಅಧ್ಯಕ್ಷರಿಗೆ ಅಂತ. ಅವರ ಕಟ್ಟಿಗೆ ಸೇರಿಸಿದೀನಿ."

"ನನಗೆ ಬಂದದ್ದು?"

"ನಿಮಗೆ ಯಾರು ಬರೀತಾರೆ ಸಾರ್ ಈಗ."

"ಸರಿ. ಅಷ್ಟನ್ನೇ ಬರೆದು ಕೊಡು."

ಗುಮಾಸ್ತ ಶುದ್ಧ ಅಕ್ಷರದಲ್ಲಿ ಬರೆದುಕೊಟ್ಟ: ಅಧಿಕಾರದಲ್ಲಿರುವ ಅಧ್ಯಕ್ಷರ ಹೆಸರಿಗೆ ಯಾವ ಆಕ್ಷೇಪವೂ ಬಂದಿಲ್ಲ. ತಕ್ಕಡಿಯವರು ಅದರ ಮೇಲೆ ಮೊಹರು ಒತ್ತಿದರು. ಒಮ್ಮೆ ನೋಟಿಸು ಹಾಕಿ ತೆರೆದ ಗೇಟನ್ನು ಮುಚ್ಚಲು ಇಡೀ ಸಭೆಯೇ ಕೂಡಬೇಕು. ಅಷ್ಟರೊಳಗೆ ಗಿರಾಕಿಗಳ ಕಾಲಿಗೆ ಆ ದಾರಿ ಅಭ್ಯಾಸವಾಗಿರುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಪೆಟ್ಟಿಗೆ ಸರಿಸಲು ಹಿಂದಿನ ಸಾಲಿನವರೆಲ್ಲ ಕೈಹಾಕಿದರು. ತುಕ್ಕು ಹಿಡಿದ ಬೀಗಕ್ಕೆ ತಕ್ಕಡಿಯವರು ತಾವು ತಕ್ಕಡಿಗೆ ಬಿಡುವ ಎಣ್ಣೆಯನ್ನೇ ಹನಿಹನಿಯಾಗಿ ಬಿಟ್ಟು ಅರ್ಧ ಗಂಟೆ ಕಾದರು. ಅವಸರ ಎಂದೂ ಅವರ ಸರಕಾಗಿರಲಿಲ್ಲ. ಗೇಟು ಕಿರುಗುಟ್ಟಿಕೊಂಡು ತೆರೆಯಿತು, ಬಿಸಿಲು ನೇರವಾಗಿ ಬಟನ್ ಅಂಗಡಿಯೊಳಕ್ಕೆ ಹೋಯಿತು.

"ಅಪ್ಪಾ, ಬನ್ನಿ ಇಲ್ಲಿ," ಮಗಳು ಕರೆದಳು. ಬಿಳಿ ಬಟನ್ನುಗಳನ್ನೆಲ್ಲ ಟ್ರೇಗೆ ಸುರಿದುಕೊಂಡಿದ್ದಳು. "ಹದಿಮೂರು ಥರ ಇದೆ."

"ನಿಮ್ಮಮ್ಮ ಹದಿನಾರು ಅಂತಿದ್ಳು."

"ಅಮ್ಮನ ಕಣ್ಣು ಬೇರೆ ಅಪ್ಪಾ."

ಅವರು ಹೆಂಡತಿಯ ಸ್ಟೂಲಿನ ಮೇಲೆ ಕೂತು ಮತ್ತೆ ಮೊದಲಿನಿಂದ ಬೇರ್ಪಡಿಸಿದರು. ಊಟದ ಹೊತ್ತಿಗೆ ಹದಿನಾಲ್ಕಾಯಿತು, ಆಮೇಲೆ ಹದಿನೈದು. ಕೊನೆಗೆ ಎರಡು ಬಟನ್ ಉಳಿದವು. ಎಷ್ಟು ನೋಡಿದರೂ ಎರಡೂ ಒಂದೇ. ಅವನ್ನು ಅಂಗೈಯಲ್ಲಿಟ್ಟುಕೊಂಡು ಗೇಟಿನವರೆಗೆ ಹೋದರು. ಬಿಸಿಲಿಗೆ ಹಿಡಿದರು, ಕನ್ನಡಕ ತೆಗೆದು ನೋಡಿದರು, ಒರೆಸಿ ಹಾಕಿಕೊಂಡು ನೋಡಿದರು. ಪಕ್ಕದಲ್ಲಿ ನಿಂತು ಇದು ಇದು, ಅದು ಅದು ಎಂದು ಹೇಳುವವರು ಯಾರೂ ಇರಲಿಲ್ಲ.

ನಲವತ್ತನೇ ದಿನ ಕೀಲಿಗೊಂಚಲನ್ನು ಬಟ್ಟೆ ಅಂಗಡಿಯವರಿಗೆ ಒಪ್ಪಿಸಿ, ಹಿಂದಿನ ಗೇಟಿನಿಂದಲೇ ಮನೆಗೆ ಹೋದರು. ಈಗಲೂ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ಬಂದು ನಿಲ್ಲುತ್ತಾರೆ. ಆ ಎರಡು ಬಟನ್ ಸ್ಕ್ರೂಡ್ರೈವರುಗಳ ಜೊತೆ ಜೇಬಿನಲ್ಲೇ ಇವೆ.

ಬಟನ್ ಅಂಗಡಿಯ ಪಕ್ಕದ ಅಂಗಡಿ ನನ್ನದು. ಆ ಸಲ ನನ್ನ ಓಟು ಬಟ್ಟೆ ಅಂಗಡಿಯವರಿಗೆ ಬಿದ್ದಿತ್ತು. ಬೆಳಿಗ್ಗೆ ಬಲ್ಬು ಹಾಕದೆ ನಾನು ವ್ಯಾಪಾರ ಮಾಡುತ್ತಿರುವುದು ಈ ತಕ್ಕಡಿ ರಿಪೇರಿಯವರಿಂದ.