ಯಾರಿಗೂ ಕಟ್ಟುಬೀಳದ ವೋಟು

ಆ ಕುರ್ಚಿಯನ್ನು ಆಸ್ವಾಲ್ಡ್ ತಾನೇ ಕೇಳಿ ಪಡೆದಿದ್ದ. ಕೊಲ್ಲಿ ನಾಡಿನಲ್ಲಿರುವ ಕರಾವಳಿಯವರ ಈ ಸಂಘದಲ್ಲಿ ಪ್ರತಿ ಊರಿನ ಘಟಕವೂ ತನ್ನ ಅಭ್ಯರ್ಥಿಯನ್ನು ಮೊದಲೇ ನಿರ್ಧರಿಸುತ್ತದೆ. ಅದರ ಪ್ರತಿನಿಧಿಗಳು ಅಧ್ಯಕ್ಷರ ಆಯ್ಕೆಯ ದಿನ ಆ ಅಭ್ಯರ್ಥಿಯ ಹಿಂದೆಯೇ ಹೋಗಿ ನಿಲ್ಲಬೇಕು. ಹಿಂದೆ ಪದಾಧಿಕಾರಿಗಳಾಗಿದ್ದ ಮೂವರಿಗೆ ಮಾತ್ರ ಈ ಕಟ್ಟಿಲ್ಲ. ಆದರೆ ಮೊದಲ ಸುತ್ತು ಸಮವಾದರಷ್ಟೇ ಅವರ ಸರದಿ, ಹಾಗೆ ಎಂದೂ ಆಗಿರಲಿಲ್ಲ.

ಈ ಸಲ ಸ್ಪರ್ಧಿಸಿದ ಲೆಸ್ಟರನ ಫ್ಲ್ಯಾಟಿನಲ್ಲೇ ಆಸ್ವಾಲ್ಡನ ಸಂಸಾರಕ್ಕೆ ಒಂದು ಕೋಣೆ. ಎದುರಾಳಿ ಪ್ಯಾಟ್ರಿಶಿಯಾ, ಆಸ್ವಾಲ್ಡನ ಮಗಳನ್ನು ಜ್ಞಾನಸ್ನಾನದಲ್ಲಿ ಎತ್ತಿಕೊಂಡು ಧರ್ಮಮಾತೆಯಾದವಳು. ಯಾರ ಹಿಂದೆಯೂ ನಿಲ್ಲದೆ ಪಾರಾಗಲು, ಹಿಂದೊಮ್ಮೆ ಪದಾಧಿಕಾರಿಯಾಗಿದ್ದ ಅವನಿಗೆ ಕಂಡದ್ದು ಆ ಮೂವರ ಕುರ್ಚಿಗಳಲ್ಲಿ ಒಂದನ್ನು ಹಿಡಿಯುವ ಇದೊಂದೇ ದಾರಿ.

ಊದ್ ಮೇಥಾ ಬಡಾವಣೆಯ ಬಾಡಿಗೆ ಸಭಾಂಗಣದಲ್ಲಿ ಮೊದಲ ಸುತ್ತು ಸಮವಾಯಿತು.

ಚುನಾವಣೆ ನಡೆಸುತ್ತಿದ್ದವರು ಮೈಸೂರಿನ ರಘುನಂದನ. ಕರಾವಳಿಯವರಲ್ಲ ಎಂಬುದೇ ಅವರ ಅರ್ಹತೆ. "ಅಮೆರಿಕದಲ್ಲೂ ಒಂದು ಪಕ್ಷ ಅಧ್ಯಕ್ಷ ಅಭ್ಯರ್ಥಿನ ಆರಿಸೋವಾಗ ಹೀಗೇ. ಮೊದಲ ಸುತ್ತಲ್ಲಿ ತೀರ್ಮಾನ ಆಗ್ದಿದ್ರೆ ಯಾರಿಗೂ ಕಟ್ಟುಬೀಳದೋರು ಬರ್ತಾರೆ. ಬನ್ನಿ."

ಮೂವರಲ್ಲಿ ಒಬ್ಬರು ಲೆಸ್ಟರನ ಹಿಂದೆ ನಿಂತರು, ಒಬ್ಬರು ಪ್ಯಾಟ್ರಿಶಿಯಾಳ ಹಿಂದೆ. ಉಳಿದವನು ಆಸ್ವಾಲ್ಡ್.

"ಸರ್, ನಾನು ಕೂತೇ ಇದ್ದರೆ?"

"ಕೂತಿರಿ. ನಾವೂ ಕೂತಿರ್ತೀವಿ, ಹಾಲ್‌ನ ಓನರು ಬಂದು ಓಡಿಸೋ ತನಕ."

ಲೆಸ್ಟರ್ ನಕ್ಕ. "ಅವನಿಗೆ ಎಂತ ಯೋಚನೆ ಮಾರಾಯ್ರೆ? ಅವನ ಅನ್ನ ಬೇಯುವುದು ನನ್ನ ಕಿಚನಲ್ಲಿ. ಯಲ್ಲಾ, ಬಾ."

ಇಡೀ ಸಭೆ ನಕ್ಕಿತು. ಆಸ್ವಾಲ್ಡನ ಹೆಂಡತಿ ಗ್ರೇಸಿ ಮಾತ್ರ ತಲೆ ತಗ್ಗಿಸಿದಳು.

"ಹೋಗು ಆಸ್ವಾಲ್ಡ್, ಅಲ್ಲಿಗೇ ಹೋಗು. ನನಗೆ ಬೇಜಾರಿಲ್ಲ," ಎಂದಳು ಪ್ಯಾಟ್ರಿಶಿಯಾ. ಅವಳು ಹಾಗೆನ್ನದಿದ್ದರೆ ಅವನು ಹೋಗಿಬಿಡುತ್ತಿದ್ದನೋ ಏನೋ. ಅವಳು ಬಿಟ್ಟುಕೊಟ್ಟ ಮೇಲೆ ಲೆಸ್ಟರನ ಕಡೆ ಹೆಜ್ಜೆ ಏಳಲಿಲ್ಲ. ಗ್ರೇಸಿಯ ಬಗ್ಗಿದ ತಲೆಯನ್ನು ಇನ್ನೊಮ್ಮೆ ನೋಡಿ, ಪ್ಯಾಟ್ರಿಶಿಯಾಳ ಕುರ್ಚಿಯ ಹಿಂದೆ ಹೋಗಿ ನಿಂತ. ಒಂದು ವೋಟಿನಿಂದ ಅವಳು ಗೆದ್ದಳು; ಯಾರೂ ಚಪ್ಪಾಳೆ ತಟ್ಟಲಿಲ್ಲ.

ಗಂಡ ಹೆಂಡತಿ ಬಂದದ್ದು ಲೆಸ್ಟರನ ಕಾರಿನಲ್ಲಿ. ಹಿಂದಿರುಗಿದ್ದೂ ಅದರಲ್ಲೇ; ಟ್ಯಾಕ್ಸಿಯಲ್ಲಿ ಬರುತ್ತೇವೆಂದಾಗ ಲೆಸ್ಟರ್, "ಒಂದೇ ಮನೆಗೆ ಎರಡು ಗಾಡಿ ಯಾಕೆ?" ಎಂದಿದ್ದ. ನೈಫ್ ಸಿಗ್ನಲಿನಲ್ಲಿ ಕಾರು ನಿಂತಿತು.

"ಗ್ರೇಸಿ, ಮುಂದಿನ ತಿಂಗಳು ನನ್ನ ತಂಗಿ ಬರ್ತಾಳೆ," ಎಂದ ಲೆಸ್ಟರ್, ಆಸ್ವಾಲ್ಡನ ಕಡೆ ನೋಡದೆ. "ಕೋಣೆ ಬೇಕಾಗ್ತದೆ."

"ಆಯ್ತು," ಎಂದಳು ಗ್ರೇಸಿ. ಸೀಟಿನ ಮೇಲಿದ್ದ ಗಂಡನ ಕೈಯನ್ನು ಗಟ್ಟಿಯಾಗಿ ಹಿಡಿದಳು.

ಲಿಫ್ಟಿನಲ್ಲೂ ಮೂವರೇ. ಬಾಗಿಲ ಮುಂದೆ ಲೆಸ್ಟರ್ ಕೀಲಿಗಾಗಿ ಒಂದೊಂದೇ ಜೇಬು ತಡಕುತ್ತ ನಿಂತ. ಆಸ್ವಾಲ್ಡನ ಬಳಿಯೂ ಒಂದು ಕೀಲಿಯಿತ್ತು. ಅವನು ಅದನ್ನು ಹೊರತೆಗೆಯಲಿಲ್ಲ.