ಗಂಗತ್ತೆಯ ಹುಬ್ಬಿನ ಮೇಲಿನ ಕಲೆ

ಅಗಸೆ ಹುರಿಯುವ ವಾಸನೆ ಬಂದರೆ ನಿಮಗೆ ಚಟ್ನಿ ನೆನಪಾಗಬಹುದು. ನನಗೆ ಸರಸಂಬಾ ಊರಿನ ನಮ್ಮ ಮನೆಯ ಪಡಸಾಲೆ ನೆನಪಾಗುತ್ತದೆ. ಎಪ್ಪತ್ತರ ದಶಕದ ಆ ದಿನ ಅಲ್ಲಿ ನಾಲ್ವರಿದ್ದೆವು. ನಾವು ಆಯಿ ಎಂದು ಕರೆಯುತ್ತಿದ್ದ ಅಜ್ಜಿ, ಎಲೆ ಅಡಿಕೆ ಜಗಿಯುತ್ತಿದ್ದ ಕಾಕಾ, ಬಾಗಿಲ ಬೆಳಕಿಗೆ ಮುಖ ಮಾಡಿ ಅಲುಗಾಡದೆ ಕೂತ ಹತ್ತು ವರ್ಷದ ಹುಡುಗಿ ನಾನು, ಅಗಸೆ ಎಣ್ಣೆಯಲ್ಲಿ ಬಣ್ಣ ಕಲಸುತ್ತಿದ್ದ ಆಳಂದದ ಪೇಂಟರ್ ರುದ್ರಪ್ಪ ಮಾಮಾ.

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಗೌಡರ, ಸಾಹುಕಾರರ ಮನೆಗಳಲ್ಲಿ ಮಾಮಾ ಬರೆದ ಚಿತ್ರ ಗೋಡೆಗೆ ಬಂದರೇ ಮನೆತನಕ್ಕೊಂದು ಕಳೆ. ಅವನ ಕುಂಚಕ್ಕೆ ಸಿಕ್ಕವರೆಲ್ಲ ಬೆಳ್ಳಗಾಗುತ್ತಿದ್ದರು. ಬೋಳುತಲೆಗೆ ಜರಿ ರುಮಾಲು, ಬರಿಗೊರಳಿಗೆ ಮೂರೆಳೆ ಸರ, ಸಿಡುಬಿನ ಕೆನ್ನೆಗೆ ಬೆಣ್ಣೆಯ ನುಣುಪು. ಅಫಜಲಪುರದ ಕಡೆಯ ಗೌಡರೊಬ್ಬರ ಚಿತ್ರ ನೋಡಿ ಅವರ ಹೆಂಡತಿಯೇ ‘ಇವ್ರ್ಯಾರ್ರಿ?’ ಎಂದಳಂತೆ. ಗೌಡರು ‘ನಾನಲ್ಲೇನು?’ ಎಂದು ಮೀಸೆ ತಿರುವಿದರಂತೆ. ಇದನ್ನು ಹೇಳುವಾಗ ಮಾಮಾನ ಮುಖದಲ್ಲಿ ನಗೆಗಿಂತ ಹೆಮ್ಮೆಯೇ ಹೆಚ್ಚಿರುತ್ತಿತ್ತು.

ನಮ್ಮ ಮನೆಗೆ ಅವನನ್ನು ಕರೆಸಿದ್ದು ಗಂಗತ್ತೆಗಾಗಿ. ಅವಳು ನನ್ನ ಸೋದರತ್ತೆ, ನಾನು ಹುಟ್ಟುವ ಮೊದಲೇ ಹದಿನಾರರ ವಯಸ್ಸಿನಲ್ಲಿ ಜ್ವರ ಬಂದು ಹೋದವಳು. ಅವಳದೊಂದು ಫೋಟೊ ಕೂಡ ಇರಲಿಲ್ಲ. ‘ಆಕಿ ಧ್ವನಿ ಕಿವ್ಯಾಗ ಅದ ರುದ್ರಪ್ಪ. ಮಾರಿ ಮಾತ್ರ ದಿನಾ ಇಷ್ಟಿಷ್ಟು ಮರ್ಯಾಕತ್ತದ. ಪೂರಾ ಹೋಗೂದ್ರಾಗ ಬರದ್ಕೊಡು,’ ಎಂದಿದ್ದಳು ಆಯಿ. ಫೋಟೊ ಇಲ್ಲದೆ ಸತ್ತವರನ್ನು ಬದುಕಿರುವವರಿಂದ ಕೂಡಿಸಿ ಬರೆಯುವುದು ಮಾಮಾನ ರೂಢಿ. ಆಯಿಯ ಹಣೆ, ಕಾಕಾನ ಕಣ್ಣು, ನನ್ನ ಗದ್ದ ತೆಗೆದುಕೊಂಡ. ‘ಲೇ ರುದ್ರ್ಯಾ, ಮರ್ತು ನನ್ನ ಮೀಸಿನೂ ಹಚ್ಚಿಗಿಚ್ಚಿ,’ ಎಂದ ಕಾಕಾ.

ಎಂಟು ದಿನದ ಮೇಲೆ ಮಾಮಾ ಚಿತ್ರವನ್ನು ನಮ್ಮ ಕಡೆ ತಿರುಗಿಸಿದ. ಕೆಂಪು ಕೆನ್ನೆಯ, ಕೊರಳ ತುಂಬ ಬಂಗಾರವಿದ್ದ ಹುಡುಗಿ. ಆಯಿ ಬಹಳ ಹೊತ್ತು ನೋಡಿದಳು.

‘ಚೆಂದ ಅದಾಳ. ಯಾರ ಮಗಳು ಈಕಿ?’

ಆಯಿ ಚಿತ್ರದ ಹುಬ್ಬಿನ ಕಡೆ ಬೆರಳು ಮಾಡಿದಳು.

‘ಎಡಗಡಿ ಹುಬ್ಬಿನ ಮ್ಯಾಲ ಕಲಿ ಇತ್ತು. ಸಣ್ಣಾಕಿದ್ದಾಗ ಬೀಸೂ ಕಲ್ಲಿಗೆ ಬಿದ್ದಿದ್ಳು. ನಾ ಬೀಸಾಕತ್ತಿದ್ದೆ, ನೋಡ್ಲಿಲ್ಲ.’

‘ಅವ್ವಾರ, ಮಂದಿ ಕಲಿ ತೆಗ್ಯಾಕ ನನ್ನ ಕರಸ್ತಾರ್ರಿ. ಹಾಕಂದವ್ರು ನೀವೊಬ್ರೇ.’

‘ಹಾಕಪ. ಆ ಬಂಗಾರಾನೂ ಮುಚ್ಚು. ಅಷ್ಟು ಆಕಿಗಿ ನಾವೆಲ್ಲಿ ಹಾಕಿದ್ವಿ?’

ಎಲ್ಲರ ಮುಖ ನುಣುಪು ಮಾಡಿದ ಆ ಕೈಗೆ ಒಂದು ಕಲೆ ಬರೆಯಲು ಬರಲಿಲ್ಲ. ಮೂರು ಸಲ ಬರೆದ, ಮೂರು ಸಲ ಅರಿವೆಯಿಂದ ಒರೆಸಿದ. ಕೊನೆಗೆ ಆಯಿಯೇ ಎದ್ದು ಬಂದು ನನ್ನ ಹುಬ್ಬಿನ ಮೇಲೆ ಉಗುರಿನಿಂದ ಗೆರೆ ಎಳೆದು, ‘ಇಲ್ಲಿಂದ ಇಲ್ಲಿಗಿ,’ ಎಂದಳು. ಉರಿಯಿತು, ಆದರೂ ನಾನು ಅಲುಗಾಡಲಿಲ್ಲ. ಆ ಗುರುತು ಮಾಸುವುದರೊಳಗೆ ಮಾಮಾ ಬರೆದು ಮುಗಿಸಿದ. ಆಯಿ ಚಿತ್ರದ ಮುಂದೆ ಕೂತು ಮೆಲ್ಲಗೆ ಕೇಳಿದಳು: ‘ಬಂದಿ ಏನ್ಬೇ ಗಂಗಾ?’

ಅದಕ್ಕೆ ಗಾಜು ಹಾಕಿಸಲು ಅವಳು ಬಿಡಲಿಲ್ಲ. ದಿನಾ ಬೆಳಿಗ್ಗೆ ಹಣೆಗೆ ಇಬತ್ತಿ ಹಚ್ಚಿಕೊಂಡ ಬೆರಳನ್ನು ಆ ಕಲೆಯ ಮೇಲೊಮ್ಮೆ ಸವರುವಳು. ವರ್ಷಗಳು ಕಳೆದಂತೆ ಅಲ್ಲಿಯ ಬಣ್ಣ ಸವೆದು ಬಟ್ಟೆಯ ಎಳೆ ಕಂಡಿತು. ಆಯಿ ಹೋದಳು. ಮನೆ ಪಾಲಾಗಿ ಪಡಸಾಲೆಯ ನಡುವೆ ಗೋಡೆ ಎದ್ದಿತು. ಚಿತ್ರ ಕಾಕಾನ ಪಾಲಿಗೆ ಬಂತು. ಸವೆದ ಜಾಗಕ್ಕೆ ಬಣ್ಣ ತುಂಬಿಸಲು ಅವನು ಮಾಮಾನಿಗೆ ಹೇಳಿ ಕಳಿಸಿದ.

ಮಾಮಾ ಬಂದಾಗ ಅವನ ಕಣ್ಣಿಗೆ ಪೊರೆ ಬಂದಿತ್ತು. ಬಣ್ಣದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಆ ಜಾಗವನ್ನು ಬೆರಳಿನಿಂದ ಹುಡುಕಿ ಮುಟ್ಟಿದ. ಮುಟ್ಟಿದ ಬೆರಳಿಗೆ ಇನ್ನೂ ಇಬತ್ತಿ ಹತ್ತಿತು.

‘ಇದು ಅವ್ವಾರ ಕೆಲಸ. ನಾ ಕೈ ಹಚ್ಚಂಗಿಲ್ಲ,’ ಎಂದ.

ಡಬ್ಬಿ ತೆರೆಯಲೇ ಇಲ್ಲ. ಚಹಾ ಕುಡಿದು, ಸಂಜೆಯ ಬಸ್ಸಿಗೆ ಆಳಂದಕ್ಕೆ ಹೋದ.